ಹಾಸನ–ಚಿಕ್ಕಮಗಳೂರು ಕಡೆ ರಾಷ್ಟ್ರೀಯ ಉದ್ಯಾನದೊಳಗೆ ನೋಡುವಂಥ ಹಳೆಯ ಕಟ್ಟಡಗಳಿವೆಯೇ?

ಇವೆ, ಆದರೆ ಬೇಲೂರು–ಹಳೇಬೀಡಿನ ಕಲ್ಪನೆ ಇಟ್ಟುಕೊಂಡು ಹೋಗಬೇಡಿ. ಚಿಕ್ಕಮಗಳೂರು ಜಿಲ್ಲೆಯ ರಾಷ್ಟ್ರೀಯ ಉದ್ಯಾನ ಎಂದರೆ ಕುದುರೆಮುಖ, 1987ರಲ್ಲಿ ಘೋಷಣೆಯಾದದ್ದು. ಮುಳ್ಳೋಡಿಯಿಂದ ಶಿಖರಕ್ಕೆ ಹತ್ತುವವರಿಗೆ ಮೇಲೆ ಹಳೆಯ ಚರ್ಚೊಂದರ ಪಾಳು ಗೋಡೆ ಸಿಗುತ್ತದೆ. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು.

ನನ್ನ ಮಟ್ಟಿಗೆ ಅಲ್ಲಿನ ನಿಜವಾದ ಸ್ಮಾರಕ ಗಣಿ ಊರೇ. ಕಬ್ಬಿಣದ ಅದಿರಿಗಾಗಿ 1976ರಲ್ಲಿ ಕಂಪನಿ ಶುರುವಾಯಿತು. ಪುಡಿಮಾಡಿದ ಅದಿರನ್ನು ನೀರಿನಲ್ಲಿ ಕಲಸಿ ಸುಮಾರು 67 ಕಿ.ಮೀ. ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದರು. ಉಳಿದ ಕೆಸರು ತಡೆಯಲು ಕಟ್ಟಿದ್ದೇ ಲಕ್ಯಾ ಅಣೆಕಟ್ಟು. ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಗಣಿ ನಿಂತಿತು; ಊರು ಬಿಕೋ ಎನ್ನತೊಡಗಿತು. ಹಳೆಯ ದೇವಸ್ಥಾನವೇ ಬೇಕೆಂದರೆ ಹತ್ತಿರದ ಕಳಸಕ್ಕೆ ಹೋಗಿ, ಕಳಸೇಶ್ವರ ಇದ್ದಾನೆ.

ಹಾಸನ ಜಿಲ್ಲೆಯೊಳಗೆ ರಾಷ್ಟ್ರೀಯ ಉದ್ಯಾನವಿಲ್ಲ. ಆದರೂ ಸಕಲೇಶಪುರದ ಮಂಜರಾಬಾದ್ ಕೋಟೆ ಬಿಡಬೇಡಿ. ಟಿಪ್ಪು ಕಟ್ಟಿಸಿದ್ದು, 1792ರಲ್ಲಿ ಮುಗಿದದ್ದು. ಎಂಟು ಮೂಲೆಯ ನಕ್ಷತ್ರದ ಆಕಾರ: ಒಂದು ಮೂಲೆಯ ಗೋಡೆಗೆ ಬಂದ ಶತ್ರುವನ್ನು ಪಕ್ಕದ ಮೂಲೆಯಿಂದಲೇ ಹೊಡೆಯಬಹುದು, ಗೋಡೆಬುಡದಲ್ಲಿ ಅಡಗಲು ಜಾಗವೇ ಇರುವುದಿಲ್ಲ. ನಡುವೆ ಶಿಲುಬೆಯಾಕಾರದ ಕೊಳ, ತಂಪಾದ ನೆಲಮಾಳಿಗೆಗಳು. ನೆಲದ ಮೇಲೆ ನಿಂತರೆ ನಕ್ಷತ್ರ ಪೂರ್ತಿ ಕಾಣುವುದಿಲ್ಲ, ಡ್ರೋನ್ ಫೋಟೊ ನೋಡಿ ಹೋದವರು ಪೆಚ್ಚಾಗುತ್ತಾರೆ. ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತದೆ, ಜಿಗಣೆಯೂ ಉಂಟು.