ಓದುಗರ ಪ್ರಶ್ನೆ: ಮನೆಗೆ ಬರುವ ನಾಲ್ಕನೆಯ ಹಾವು ಯಾವುದಾಗಬೇಕು?

ಪ್ರಶ್ನೆ: ನಾವು ಪುಣೆಯ ಕೋಥ್ರೂಡಿನ ಫ್ಲಾಟೊಂದರಲ್ಲಿದ್ದೇವೆ. ಆರು ವರ್ಷಗಳಿಂದ ಎರಡು ಕಾರ್ನ್ ಸ್ನೇಕ್‌ಗಳನ್ನೂ ಮೂರು ವರ್ಷಗಳಿಂದ ಒಂದು ಗಂಡು ಬಾಲ್ ಪೈಥಾನನ್ನೂ ಸಾಕಿದ್ದೇನೆ. ಈಗ ಬೇರೆ ಜಾತಿಯ ಇನ್ನೊಂದು ಹಾವನ್ನು ತರಬೇಕೆಂದಿದೆ. ಸ್ವಭಾವ ಸಾಧುವಾಗಿರಬೇಕು, ಐದು ಅಡಿ ಮೀರಬಾರದು, ಹನ್ನೊಂದು ವರ್ಷದ ಮಗಳೂ ನನ್ನೆದುರಿಗೆ ಕೈಗೆತ್ತಿಕೊಳ್ಳುವಂತಿರಬೇಕು. ಗೆಳೆಯರು ಬೋವಾ ತೆಗೆದುಕೊಳ್ಳಿ ಎನ್ನುತ್ತಾರೆ. ತಮ್ಮ ಸಲಹೆ ಏನು?

ಉತ್ತರ: ಬೋವಾ ಬೇಡ. ಅದು ಕೆಟ್ಟ ಹಾವೆಂದಲ್ಲ. ಬೋವಾ ಕನ್‌ಸ್ಟ್ರಿಕ್ಟರ್ ಸಾಮಾನ್ಯವಾಗಿ ಆರರಿಂದ ಎಂಟು ಅಡಿ ಬೆಳೆಯುವುದರಿಂದ ನೀವೇ ಹಾಕಿಕೊಂಡ ಗೆರೆಯನ್ನು ಅದು ಮೂರು ನಾಲ್ಕು ವರ್ಷಗಳಲ್ಲೇ ದಾಟಿಬಿಡುತ್ತದೆ. ಇದಕ್ಕಿಂತ ದೊಡ್ಡ ಕಾರಣ ನಿಮ್ಮ ಬಾಲ್ ಪೈಥಾನು. ಇನ್‌ಕ್ಲೂಷನ್ ಬಾಡಿ ಡಿಸೀಸ್ ಎಂಬ ವೈರಸ್ ರೋಗ ಬೋವಾಗಳಲ್ಲಿ ಮೇಲುನೋಟಕ್ಕೆ ಏನೂ ಕಾಣಿಸದೆ ಬಹುಕಾಲ ಅಡಗಿರಬಲ್ಲದು. ಅದೇ ರೋಗ ಪೈಥಾನಿಗೆ ಅಂಟಿದರೆ ನರಮಂಡಲ ಕೆಟ್ಟು ಹಾವು ಬೇಗನೆ ಸಾಯುತ್ತದೆ. ಒಂದೇ ಕೋಣೆಯಲ್ಲಿ ಇವೆರಡನ್ನು ಜೊತೆಗಿಡುವ ಸಾಹಸವನ್ನು ನಾನಂತೂ ಮಾಡಲಾರೆ.

ನಿಮ್ಮ ಮೂರೂ ಷರತ್ತುಗಳಿಗೆ ಒಪ್ಪುವ ಹಾವುಗಳು ಬೆರಳೆಣಿಕೆಯಷ್ಟು. ರೋಸಿ ಬೋವಾ ಸಾಧುತನದಲ್ಲಿ ಎಲ್ಲಕ್ಕಿಂತ ಮುಂದು, ಉದ್ದ ಎರಡರಿಂದ ಮೂರು ಅಡಿ. ಆದರೆ ಅದು ಒಣನೆಲದ ಪ್ರಾಣಿ, ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಗೋಡೆಗಳೇ ಬೆವರುವಾಗ ಅದರ ಪೆಟ್ಟಿಗೆಯನ್ನು ಒಣಗಿಸಿಡುವುದೇ ಒಂದು ಉದ್ಯೋಗವಾಗುತ್ತದೆ. ಕೀನ್ಯಾದ ಸ್ಯಾಂಡ್ ಬೋವಾಕ್ಕೂ ಇದೇ ಮಾತು; ಮೇಲಾಗಿ ಅದು ದಿನವಿಡೀ ಮರಳೊಳಗೇ ಹುದುಗಿರುವುದರಿಂದ ನಿಮ್ಮ ಮಗಳು ನೋಡುವುದು ಬರೀ ಮರಳನ್ನು. ಆಸ್ಟ್ರೇಲಿಯಾದ ಚಿಲ್ಡ್ರನ್ಸ್ ಪೈಥಾನ್ ಅಳತೆಯಲ್ಲಿಯೂ ಗುಣದಲ್ಲಿಯೂ ಚೆನ್ನ. ಆದರೆ ಹೆಸರು ನೋಡಿ ಇದು ಮಕ್ಕಳ ಹಾವೆಂದು ಅಂಗಡಿಯವನು ಹೇಳಿದರೆ ನಂಬಬೇಡಿ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಜಾನ್ ಜಾರ್ಜ್ ಚಿಲ್ಡ್ರನ್ ಎಂಬವರ ಗೌರವಾರ್ಥ 1842ರಲ್ಲಿ ಇಟ್ಟ ಹೆಸರು ಅದು.

ನನ್ನ ಆಯ್ಕೆ ಕ್ಯಾಲಿಫೋರ್ನಿಯಾ ಕಿಂಗ್ ಸ್ನೇಕ್. ಮೂರರಿಂದ ನಾಲ್ಕು ಅಡಿ ಉದ್ದ, ಹೆಬ್ಬೆರಳಿಗಿಂತ ತುಸು ದಪ್ಪ, ಇಪ್ಪತ್ತು ವರ್ಷದ ಆಯುಸ್ಸು. ಪೆಟ್ಟಿಗೆಯ ಒಂದು ಬದಿ 30 ಡಿಗ್ರಿಯ ಆಸುಪಾಸು, ಇನ್ನೊಂದು ಬದಿ 23–24 ಡಿಗ್ರಿ ಇದ್ದರೆ ಅದಕ್ಕೆ ಸಾಕು. ಕಾರ್ನ್ ಸ್ನೇಕಿಗೆ ನೀವು ಈಗ ಮಾಡಿಕೊಟ್ಟಿರುವ ವ್ಯವಸ್ಥೆಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ತೇವದ ವಿಷಯದಲ್ಲಿಯೂ ಅದು ರೋಸಿ ಬೋವಾದಷ್ಟು ಹಟಮಾರಿಯಲ್ಲ. ಡಿಸೆಂಬರ್, ಜನವರಿಯಲ್ಲಿ ಪುಣೆಯ ರಾತ್ರಿ 10 ಡಿಗ್ರಿಗೆ ಇಳಿಯುವಾಗ ಮಾತ್ರ ಥರ್ಮೋಸ್ಟಾಟ್ ಜೋಡಿಸಿದ ಹೀಟ್ ಮ್ಯಾಟ್ ಬೇಕೇ ಬೇಕು.

ಆದರೆ ಈ ಹಾವಿನ ದೋಷಗಳನ್ನು ಮುಚ್ಚಿಟ್ಟು ಹೊಗಳುವುದು ಸರಿಯಲ್ಲ. ಇದು ಕಚ್ಚಿದರೆ ಸಾಮಾನ್ಯವಾಗಿ ಸಿಟ್ಟಿನಿಂದಲ್ಲ, ಹಸಿವಿನಿಂದ. ಇಲಿಯ ವಾಸನೆ ಹತ್ತಿದ ಬೆರಳನ್ನು ಊಟವೆಂದೇ ತಿಳಿದು ಹಿಡಿದು ಅಗಿಯುತ್ತದೆ. ನೋವು ಅಲ್ಪ, ಬಿಡಿಸಿಕೊಳ್ಳುವ ಅವಸರವೇ ಹೆಚ್ಚು. ಕಾಡಿನಲ್ಲಿ ಇದು ರ್‍ಯಾಟಲ್ ಸ್ನೇಕನ್ನೂ ನುಂಗುತ್ತದೆ, ಆ ವಿಷವನ್ನು ತಡೆದುಕೊಳ್ಳುವ ಶಕ್ತಿ ಅದಕ್ಕಿದೆ. ಆದ್ದರಿಂದ ನಿಮ್ಮ ಕಾರ್ನ್ ಸ್ನೇಕುಗಳೂ ಅದರ ಕಣ್ಣಿಗೆ ಆಹಾರವೇ. ಒಂದು ಕ್ಷಣವೂ ಒಟ್ಟಿಗೆ ಬಿಡಬೇಡಿ, ಒಂದನ್ನು ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಇನ್ನೊಂದರ ಪೆಟ್ಟಿಗೆಗೆ ಹಾಕಬೇಡಿ. ಊಟಕ್ಕೆ ಕರೆಯುವ ಚಿಮಟ ಬೇರೆ, ಕೈಗೆತ್ತಿಕೊಳ್ಳುವ ಮುನ್ನ ಮೈಮೇಲೆ ಮೃದುವಾಗಿ ತಾಗಿಸುವ ಕೊಕ್ಕೆ ಬೇರೆ ಎಂಬುದನ್ನು ಅದಕ್ಕೆ ರೂಢಿ ಮಾಡಿಸಿದರೆ ಕೆಲವೇ ವಾರಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ಇನ್ನೊಂದು ಅಪಾಯ ನಮ್ಮ ಊರಿಗೇ ವಿಶೇಷ. ಈ ಹಾವಿನ ಮೈಮೇಲೆ ಕಪ್ಪು ಬಿಳುಪು ಪಟ್ಟೆಗಳಿವೆ. ಅದು ತಪ್ಪಿಸಿಕೊಂಡು ಸೊಸೈಟಿಯ ಮೆಟ್ಟಿಲಲ್ಲಿ ಕಾಣಿಸಿಕೊಂಡರೆ ನಾವು ಕಟ್ಟುಹಾವು ಎನ್ನುವ, ಇಲ್ಲಿಯವರು ಮಣ್ಯಾರ್ ಎನ್ನುವ ವಿಷದ ಹಾವೆಂದೇ ಎಲ್ಲರೂ ತಿಳಿಯುತ್ತಾರೆ. ಕಾವಲುಗಾರನ ಕೋಲು ನಿಮ್ಮ ವಿವರಣೆಗಾಗಿ ಕಾಯುವುದಿಲ್ಲ. ಮುಚ್ಚಳಕ್ಕೆ ಬೀಗ ಹಾಕಿ, ಪೆಟ್ಟಿಗೆಯ ಮೇಲೆ ಹಾವಿನ ಹೆಸರನ್ನೂ ವಿಷರಹಿತವೆಂಬುದನ್ನೂ ಮರಾಠಿಯಲ್ಲಿ ಬರೆದಿಡಿ.

ಜಾತಿ ಸಾಧುವೆಂದ ಮಾತ್ರಕ್ಕೆ ನೀವು ತರುವ ಹಾವು ಸಾಧುವಾಗಿರಬೇಕೆಂದಿಲ್ಲ. ಮರಿ ಕಿಂಗ್ ಸ್ನೇಕ್ ಬಾಲ ನಡುಗಿಸುತ್ತದೆ, ಹೊಲಸು ನಾತದ ದ್ರವ ಬಿಡುತ್ತದೆ, ಹೆದರಿ ಕಚ್ಚುತ್ತದೆ. ಮಗಳ ಕೈಗೆ ಕೊಡುವ ಉದ್ದೇಶವಿದ್ದರೆ ಒಂದೂವರೆ ಎರಡು ವರ್ಷ ದಾಟಿದ, ಕರಗಿಸಿದ ಫ್ರೀಜರ್ ಇಲಿಯನ್ನು ತಪ್ಪದೆ ತಿನ್ನುವ ಹಾವನ್ನೇ ಕೇಳಿ; ಬೆಲೆ ಹೆಚ್ಚಾದರೂ ಚೌಕಾಸಿ ಬೇಡ. ನಿಮ್ಮೆದುರಿಗೇ ಒಂದು ಇಲಿ ತಿನ್ನಿಸಿ ತೋರಿಸಲು ಹೇಳಿ, ಆದರೆ ಕೈಗೆತ್ತಿಕೊಂಡು ನೋಡುವ ಕೆಲಸವನ್ನು ಇನ್ನೊಂದು ದಿನಕ್ಕಿಡಿ, ಏಕೆಂದರೆ ಉಂಡ ಹಾವನ್ನು ಎರಡು ದಿನ ಮುಟ್ಟಬಾರದು. ಆ ದಿನ ಹಾವನ್ನು ಮುಂಗೈ ಮೇಲೆ ಹರಿಯಲು ಬಿಟ್ಟು ನೋಡಿ. ನಾಲಗೆ ನಿಧಾನವಾಗಿ ಹೊರಗೆ ಒಳಗೆ ಆಡುತ್ತಾ, ಮೈ ಒಂದೇ ಬಿಗಿಯಲ್ಲಿ ಬೆರಳ ಸಂದಿನಲ್ಲಿ ಸಾಗಿದರೆ ಅದು ನೆಮ್ಮದಿಯ ಹಾವು. ಕತ್ತನ್ನು ಎಸ್ ಆಕಾರಕ್ಕೆ ಹಿಂದೆಳೆದು ಒಂದೇ ಕಡೆ ದಿಟ್ಟಿಸುತ್ತಿದ್ದರೆ ಅಲ್ಲ. ಮೂತಿಯನ್ನು ಕಿವಿಯ ಬಳಿ ತಂದು ಆಲಿಸಿ, ಉಸಿರಿನಲ್ಲಿ ಗುಳುಗುಳು ಸದ್ದು ಇರಬಾರದು. ಬಿಳಿಯ ಟಿಶ್ಯೂ ಕಾಗದದಿಂದ ತಲೆಯಿಂದ ಬಾಲದವರೆಗೆ ಒಮ್ಮೆ ಸವರಿ; ಗಸಗಸೆಯಷ್ಟು ಕರಿಯ ಚುಕ್ಕೆ ಅಂಟಿ ಮಿಸುಕಾಡಿದರೆ ಅದು ಹಾವಿನ ನುಸಿ, ಅಲ್ಲಿಂದ ಎದ್ದು ಬನ್ನಿ.

ಈ ನುಸಿಯ ಪಾಠ ನನಗೆ ದುಬಾರಿಯಾಗಿಯೇ ಆಯಿತು. ಕೆಲವು ವರ್ಷಗಳ ಹಿಂದೆ ಪರಿಚಯದ ಮಾರಾಟಗಾರನೊಬ್ಬನ ಮಾತು ನಂಬಿ ತಂದ ಮಿಲ್ಕ್ ಸ್ನೇಕನ್ನು ಮೊದಲ ದಿನವೇ ಉಳಿದವುಗಳ ಪಕ್ಕದ ಕಪಾಟಿನಲ್ಲಿಟ್ಟೆ. ಹತ್ತು ದಿನ ಕಳೆಯುವಷ್ಟರಲ್ಲಿ ನಾಲ್ಕೂ ಪೆಟ್ಟಿಗೆಗಳ ನೀರಿನ ಬಟ್ಟಲಲ್ಲಿ ಕರಿಯ ಪುಡಿ ತೇಲುತ್ತಿತ್ತು. ಎರಡೂವರೆ ತಿಂಗಳು ಪೆಟ್ಟಿಗೆ ತೊಳೆದೆ. ಹೊಸ ಹಾವಿಗೆ ಕನಿಷ್ಠ ಮೂರು ತಿಂಗಳು ಬೇರೆ ಕೋಣೆ, ಬೇರೆ ಚಿಮಟ, ಬೇರೆ ಬಟ್ಟಲು ಇರಲಿ. ದಿನದ ಕೆಲಸದಲ್ಲಿ ಅದರ ಸರದಿ ಕೊನೆಯದಾಗಲಿ.

ಕಾನೂನಿನ ಮಾತು. ಕಿಂಗ್ ಸ್ನೇಕ್, ಕಾರ್ನ್ ಸ್ನೇಕ್‌ಗಳು ಸೈಟಿಸ್ ಎಂಬ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿಲ್ಲ, ಬಿಲ್ಲನ್ನು ಜೋಪಾನವಾಗಿಟ್ಟುಕೊಂಡರಾಯಿತು. ಆದರೆ ಬಾಲ್ ಪೈಥಾನ್ ಆ ಪಟ್ಟಿಯ ಎರಡನೆಯ ಅನುಬಂಧದಲ್ಲಿದೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು 2024ರ ಫೆಬ್ರುವರಿಯಲ್ಲಿ ಹೊರಟ ನಿಯಮಗಳ ಪ್ರಕಾರ ಇಂತಹ ಪ್ರಾಣಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಎಂಬ ಜಾಲತಾಣದಲ್ಲಿ ನೋಂದಾಯಿಸಬೇಕು. ಹಳಬರಿಗೆ ಕೊಟ್ಟಿದ್ದ ಆರು ತಿಂಗಳ ಗಡುವು ಮುಗಿದಿದೆ, ಹೊಸದಾಗಿ ತಂದವರಿಗೆ ಮೂವತ್ತು ದಿನಗಳ ಅವಕಾಶವಿದೆ. ನಿಮ್ಮದು ನೋಂದಣಿಯಾಗಿದೆಯೋ ಇಲ್ಲವೋ ಪತ್ರದಲ್ಲಿ ಬರೆದಿಲ್ಲ. ಆಗಿರದಿದ್ದರೆ ಹೊಸ ಹಾವಿನ ಯೋಚನೆಗೆ ಮುನ್ನ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿ.

ಪ್ರಶ್ನೆ: ನಿಗಡಿಯಲ್ಲಿರುವ ನನ್ನ ಬಾಲ್ ಪೈಥಾನ್ ದೀಪಾವಳಿಯಿಂದೀಚೆಗೆ ಎರಡು ತಿಂಗಳಾದರೂ ಏನೂ ತಿಂದಿಲ್ಲ. ಬಲವಂತವಾಗಿ ತಿನ್ನಿಸಲೇ?

ಉತ್ತರ: ಬೇಡ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಉಪವಾಸ ಕೂರುವುದು ಈ ಜಾತಿಯ ಹುಟ್ಟುಗುಣ. ಬೆಚ್ಚಗಿನ ಬದಿಯಲ್ಲಿ 31–32 ಡಿಗ್ರಿ ಇದೆಯೇ ಎಂದು ಅಳೆಯಿರಿ, ಅಡಗುದಾಣ ಮೈಗೆ ಒತ್ತುವಷ್ಟು ಕಿರಿದಾಗಿರಲಿ, ಎರಡು ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಸ್ಥಿರವಾಗಿದ್ದರೆ ಕಾಯಿರಿ. ಹತ್ತರಲ್ಲಿ ಒಂದು ಪಾಲು ಇಳಿದರೆ ಅಥವಾ ಬಾಯಲ್ಲಿ ಲೋಳೆ ಕಂಡರೆ ಸರೀಸೃಪಗಳನ್ನು ನೋಡುವ ಪಶುವೈದ್ಯರಲ್ಲಿಗೆ ಒಯ್ಯಿರಿ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 2020ರಲ್ಲಿ ಅರುವತ್ತು ದಾಟಿದ ಬಾಲ್ ಪೈಥಾನೊಂದು ಮೊಟ್ಟೆಯಿಟ್ಟಿತು. ಅಷ್ಟು ದೀರ್ಘ ಬದುಕಿನ ಪ್ರಾಣಿಗೆ ಎರಡು ತಿಂಗಳು ದೊಡ್ಡದಲ್ಲ.

ಪ್ರಶ್ನೆ: ಹಡಪ್ಸರದಲ್ಲಿ ಒಬ್ಬರು ಮಾಂಡೂಳ ಹಾವು ಕೊಡುತ್ತೇನೆ, ಅದರಷ್ಟು ಸಾಧು ಬೇರಿಲ್ಲ ಎನ್ನುತ್ತಾರೆ. ತೆಗೆದುಕೊಳ್ಳಬಹುದೇ?

ಉತ್ತರ: ಮಾಂಡೂಳವೆಂದರೆ ನಮ್ಮ ಮಣ್ಣುಮುಕ್ಕ, ಎರಡು ತಲೆಯ ಹಾವೆಂದು ಕರೆಯುವುದು ಅದನ್ನೇ. ಸಾಧು ಎಂಬ ಮಾತು ನಿಜ, ಕಚ್ಚುವುದು ಬಹಳ ಅಪರೂಪ. ಆದರೆ ಈ ನೆಲದ ಯಾವ ಹಾವನ್ನೂ ಹಿಡಿಯುವುದು, ಕೊಳ್ಳುವುದು, ಮನೆಯಲ್ಲಿಡುವುದು ಅಪರಾಧ. ಕೇರೆಯಾಗಲಿ ನೀರೊಳ್ಳೆಯಾಗಲಿ ಇದಕ್ಕೆ ಹೊರತಲ್ಲ. ತೂಕ ಹೆಚ್ಚಿದಷ್ಟೂ ಕೋಟಿ ಬಾಳುತ್ತದೆಂಬ ಮೂಢನಂಬಿಕೆಯಿಂದ ಇದರ ಕಳ್ಳವ್ಯಾಪಾರ ಮಹಾರಾಷ್ಟ್ರದಲ್ಲಿ ಬೆಳೆದುಬಿಟ್ಟಿದೆ, ನಿಮಗೆ ಕೊಡಲು ಬಂದವರೂ ಆ ಸರಪಳಿಯ ಒಂದು ಕೊಂಡಿಯಾಗಿರಬಹುದು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಹಾವನ್ನು ನೋಡುವ ಆಸೆಯಷ್ಟೇ ಇದ್ದರೆ ಕಾತ್ರಜಿನ ಸರ್ಪೋದ್ಯಾನಕ್ಕೆ ಹೋಗಿ ಬನ್ನಿ.