ಎಲ್ಲಾ ದೇವ್ರ ಕೈಲೇ ಇದೆ ಅಂದ್ಮೇಲೆ ಯಹೂದಿಗಳು ಮಾತ್ರೆ ಯಾಕೆ ನುಂಗ್ತಾರೆ?

ನೀವು ಕೇಳಿದ್ದು ಇಷ್ಟು: ಯಹೂದಿ ಧರ್ಮದಲ್ಲಿ ಎಲ್ಲಾ ನಡೆಯೋದು ದೇವ್ರಿಂದಲೇ ಅಂತಾದ್ರೆ ಪ್ರಾರ್ಥನೆ ಮಾಡಿ ಸುಮ್ನೆ ಕೂತ್ರೆ ಸಾಲ್ದಾ, ಡಾಕ್ಟರ್ ಹತ್ರ ಓಡಿದ್ರೆ ನಂಬಿಕೆ ಕಮ್ಮಿ ಅಂತಾಯ್ತಲ್ವಾ ಅಂತ. ನಾನು ಯಹೂದಿ ಅಲ್ಲ ಮಾರಾಯ್ರೆ, ಪಂಡಿತೆ ಮೊದ್ಲೇ ಅಲ್ಲ. ಉಡುಪಿ ಕಡೆಯವಳು, ಇಸ್ರೇಲಲ್ಲಿ ಕೇರ್‌ಗಿವರ್ ಕೆಲಸ, ನಮ್ಮ ಕರಾವಳಿಯವ್ರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ನೋಡ್ಕೊಳ್ಳೋ ಅಜ್ಜ ಮೊರಾಕ್ಕೊದಿಂದ ಬಂದವ್ರು, ಎಲ್ರೂ ಸಾಬಾ ಅಂತಾರೆ, ಅಂದ್ರೆ ಅಜ್ಜ ಅಂತಲೇ ಅರ್ಥ. ಮಾತ್ರೆ ಕೈಗಿಟ್ರೆ ಸಾಬಾ ಸೀದಾ ಬಾಯಿಗೆ ಹಾಕೋದಿಲ್ಲ, ಕಣ್ಣು ಮುಚ್ಚಿ "ಇದ್ರಿಂದ ನಂಗೆ ಗುಣ ಆಗ್ಲಿ, ಅದು ನಿನ್ನ ಇಚ್ಛೆ ಆಗ್ಲಿ" ಅಂತ ಹೀಬ್ರೂನಲ್ಲಿ ಗೊಣಗಿ ಆಮೇಲೆ ನುಂಗ್ತಾರೆ. ತಾಲ್ಮುದ್ (ಯಹೂದಿ ಪಂಡಿತರ ಹಳೇ ಚರ್ಚೆಗಳ ಗ್ರಂಥ) ಕಾಲದಿಂದ ಬಂದಿರೋ ಪ್ರಾರ್ಥನೆ ಅದು, ಆಗ ರಕ್ತ ತೆಗೆಸ್ಕೊಳ್ಳೋಕೆ ಹೋಗೋವಾಗ ಹೇಳ್ತಿದ್ರಂತೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ ಅನ್ಸುತ್ತೆ ನಂಗೆ.

ಉಳಿದರ್ಧ ನಾನು ಬೈಸ್ಕೊಂಡು ಕಲ್ತಿದ್ದು. ಒಂದು ಶುಕ್ರವಾರ ರಾತ್ರಿ, ಶಬ್ಬಾತ್, ಅಂದ್ರೆ ವಾರದ ವಿಶ್ರಾಂತಿ ದಿನ, ಶುರುವಾಗಿ ದೀಪ ಹಚ್ಚಿ ಆಗಿತ್ತು, ಕೆಂಪು ಖಾರದ ಮೀನು ಬಡಿಸ್ತಿದ್ದೆ (ನಮ್ಮ ಗಸಿ ನೆನಪಾಗುತ್ತೆ ಅದು ನೋಡಿದ್ರೆ), ಸಾಬಾ ಕೈಲಿದ್ದ ಚಮಚ ಬಿತ್ತು, ಬಾಯಿ ಒಂದು ಕಡೆಗೆ ವಾಲ್ತು. ಈ ಮನೇಲಿ ಶುಕ್ರವಾರ ಸಂಜೆಯಿಂದ ಶನಿವಾರ ನಕ್ಷತ್ರ ಕಾಣೋವರೆಗೂ ಲೈಟ್ ಸ್ವಿಚ್ ಕೂಡ ಮುಟ್ಟಲ್ಲ, ಫೋನ್ ಅಂತೂ ಇಲ್ವೇ ಇಲ್ಲ. ನಾನು ಪೆದ್ದಿ ಥರ ಸಾಬಾನ ಮಗನ ಮುಖ ನೋಡ್ಕೊಂಡು "ಫೋನ್ ಮಾಡ್ಲಾ? ಶಬ್ಬಾತ್ ಅಲ್ವಾ?" ಅಂತ ಕೇಳ್ತಾ ನಿಂತೆ, ಹೇಗಿದ್ರೂ ನಾನು ಯಹೂದಿ ಅಲ್ಲ ನಾನೇ ಮಾಡಿದ್ರೆ ಅವ್ರಿಗೆ ಪಾಪ ಬರಲ್ಲ ಅಂತ ಒಂದು ಲೆಕ್ಕಾಚಾರ ಬೇರೆ. ಆ ಮನುಷ್ಯ ನನ್ನ ಕೈಯಿಂದ ಫೋನ್ ಕಿತ್ಕೊಂಡು ತಾನೇ 101, ಅಂದ್ರೆ ಇಲ್ಲಿನ ಆಂಬುಲೆನ್ಸ್ ನಂಬರ್, ಒತ್ತಿದ. ಆಂಬುಲೆನ್ಸಲ್ಲಿ ಅಪ್ಪನ ಕೈ ಹಿಡ್ಕೊಂಡು ದಾರಿಯುದ್ದಕ್ಕೂ ತೆಹಿಲಿಮ್, ಅಂದ್ರೆ ಕೀರ್ತನೆಗಳು, ಬಾಯಿಪಾಠ ಹೇಳ್ತಾ ಬಂದ. ಮೊದ್ಲು 101, ಆಮೇಲೆ ತೆಹಿಲಿಮ್.

ಸಾಬಾ ಉಳ್ಕೊಂಡ್ರು. ಆಮೇಲೆ ಮಗ ನನ್ನ ಕೂರಿಸ್ಕೊಂಡು ಹೇಳಿದ್ದು, 16ನೇ ಶತಮಾನದಲ್ಲಿ ಸಫೆದ್ ಊರಿನ ಯೋಸೆಫ್ ಕಾರೋ ಬರೆದ ಧರ್ಮಶಾಸ್ತ್ರ ಶುಲ್ಖಾನ್ ಆರುಖ್‌ನಲ್ಲಿ ಇದೇ ವಿಷ್ಯ ಇದೆ ಅಂತ. ಜೀವಕ್ಕೆ ಅಪಾಯ ಇದ್ದಾಗ ಶಬ್ಬಾತ್ ಮುರಿಯೋದೇ ಧರ್ಮ, ಚುರುಕಾಗಿ ಮುರಿಯೋನು ಹೊಗಳಿಕೆಗೆ ಅರ್ಹ, ಮುರೀಬಹುದಾ ಅಂತ ಕೇಳ್ಕೊಂಡು ನಿಲ್ಲೋನು ರಕ್ತ ಸುರಿಸಿದ ಹಾಗೆ. ಅದನ್ನ ಬೇರೆ ಧರ್ಮದವ್ರ ಕೈಲಿ ಮಾಡ್ಸೋದಲ್ಲ, ತಿಳಿದ ಯಹೂದಿಗಳೇ ಮಾಡ್ಬೇಕು ಅಂತಾನೂ ಇದೆಯಂತೆ. ನನ್ನ ಎರಡೂ ಲೆಕ್ಕ ತಪ್ಪು.

ಇದಕ್ಕೆ ಅವ್ರು ಯಾವಾಗ್ಲೂ ಹೇಳೋ ಕಥೆ, ಈಜಿಪ್ಟಿನ ಗುಲಾಮಗಿರಿಯಿಂದ ಹೊರಟ ಅವ್ರ ಪೂರ್ವಜರು ಸಮುದ್ರ ದಾಟಿದ್ದು. ಹಿಂದೆ ಅಲ್ಲಿನ ರಾಜ ಫರೋಹನ ಸೈನ್ಯ, ಮುಂದೆ ನೀರು, ಅವ್ರ ನಾಯಕ ಮೋಶೆ ಪ್ರಾರ್ಥನೆ ಮಾಡ್ತಿದ್ದಾನೆ. ಅವ್ರ ಮೂಲ ಧರ್ಮಗ್ರಂಥ ತೋರಾದಲ್ಲೇ ದೇವ್ರು ಕೇಳ್ತಾನೆ, ನನ್ನ ಹತ್ರ ಯಾಕೆ ಕೂಗ್ತೀಯಾ, ಜನಕ್ಕೆ ಮುಂದೆ ಹೋಗೋಕೆ ಹೇಳು ಅಂತ. ತಾಲ್ಮುದ್ ಇದಕ್ಕೆ ಒಗ್ಗರಣೆ ಹಾಕುತ್ತೆ: ನೀನು ಮೊದ್ಲು ಇಳಿ ನೀನು ಮೊದ್ಲು ಇಳಿ ಅಂತ ಕುಲಗಳವ್ರು ಕಿತ್ತಾಡ್ತಿರೋವಾಗ ನಹ್ಶೋನ್ ಅನ್ನೋನು ನೀರಿಗೆ ಹಾರಿಬಿಟ್ಟ, ಆಗ ದೇವ್ರು ಮೋಶೆಗೆ "ನನ್ನ ಪ್ರೀತಿಯವ್ರು ಮುಳುಗ್ತಿದ್ದಾರೆ, ನೀನು ಪ್ರಾರ್ಥನೆ ಎಳೀತಾ ಇದ್ದೀಯಾ" ಅಂದ. ಆದ್ರೆ ನಂಗೆ ಇಷ್ಟ ಆಗಿದ್ದು ಇನ್ನೊಂದು ಸಾಲು, ನಹ್ಶೋನ್ ಕೂಡ ಪ್ರಾರ್ಥನೆ ಮಾಡ್ದ, "ದೇವ್ರೇ ಕಾಪಾಡು, ನೀರು ಪ್ರಾಣಕ್ಕೆ ಬಂತು" ಅಂತ. ದಡದಲ್ಲಿ ನಿಂತ್ಕೊಂಡಲ್ಲ, ನೀರೊಳಗಿಂದ.

ಹಾಗೇ ಯಾವ ಪ್ರಾರ್ಥನೆ ದಂಡ ಅಂತಾನೂ ಮಿಶ್ನಾದಲ್ಲಿದೆ (ತಾಲ್ಮುದ್‌ಗೆ ಬುನಾದಿಯಾದ ಹಳೇ ನಿಯಮಗಳ ಗ್ರಂಥ ಅದು). ಊರಿಗೆ ಬರ್ತಾ ಇರೋನು ಕಿರುಚಾಟ ಕೇಳಿ "ಇದು ನಮ್ಮನೇದು ಆಗದಿರ್ಲಿ" ಅಂದ್ರೆ ಅದು ವ್ಯರ್ಥ ಪ್ರಾರ್ಥನೆ, ಯಾಕಂದ್ರೆ ಆಗೋದು ಆಗಲೇ ಆಗಿಹೋಗಿದೆ. ಆಂಬುಲೆನ್ಸ್ ಸದ್ದು ಕೇಳಿದ ತಕ್ಷಣ ನಮ್ಮಮ್ಮ "ನಮ್ಮೋರು ಯಾರೂ ಅದ್ರಲ್ಲಿ ಇರ್ಬಾರ್ದಪ್ಪ" ಅನ್ನೋದು ನೆನಪಾಗಿ ನಗು ಬಂತು, ಇನ್ನೊಬ್ರ ಮನೇದಾಗ್ಲಿ ಅಂದ ಹಾಗೂ ಆಯ್ತಲ್ವಾ ಅದು.

ಆದ್ರೆ "ನೀನು ಕಷ್ಟಪಟ್ರೆ ದೇವ್ರು ಫಲ ಕೊಡ್ತಾನೆ" ಅನ್ನೋ ಥರ ಸುಲಭದ ಮಾತಲ್ಲ ಇದು. ಪ್ರಯತ್ನಕ್ಕೆ ಹಿಷ್ತಾದ್ಲುತ್ ಅಂತಾರೆ, ದೇವ್ರ ಮೇಲಿನ ಭರವಸೆಗೆ ಬಿತಾಖೋನ್. 11ನೇ ಶತಮಾನದಲ್ಲಿ ಸ್ಪೇನಲ್ಲಿದ್ದ ಬಾಹ್ಯಾ ಇಬ್ನ್ ಪಕೂದಾ ಹೇಳೋ ಪ್ರಕಾರ ಹೊಲ ಇದ್ದೋನು ಉಳಬೇಕು, ಮುಳ್ಳು ಕೀಳ್ಬೇಕು, ಬಿತ್ಬೇಕು, ಆದ್ರೆ ಬೆಳೆ ಕೊಡೋದು ನನ್ನ ನೇಗಿಲು ಅಂದ್ಕೋಬಾರ್ದು. (ಬೆಝ್ರತ್ ಹಶೆಮ್, ಅಂದ್ರೆ ದೇವ್ರ ದಯೆಯಿಂದ, ಅಂತ ಇಲ್ಲಿ ಎಲ್ರ ಬಾಯಲ್ಲೂ ಇರುತ್ತೆ. ನಮ್ಮ ಪ್ಲಂಬರ್ "ಬೆಝ್ರತ್ ಹಶೆಮ್ ನಾಳೆ ಬರ್ತೀನಿ" ಅಂದ್ರೆ ನಾಳೆ ಬರಲ್ಲ ಅಂತ ಅರ್ಥ, ಅದು ಬೇರೆ.)

ಎಷ್ಟು ಪ್ರಯತ್ನ ಸಾಕು ಅನ್ನೋದ್ರಲ್ಲಿ ಅವ್ರವ್ರಲ್ಲೇ ಜಗಳ ಇದೆ. ತಾಲ್ಮುದ್‌ನಲ್ಲಿ ರಬ್ಬಿ, ಅಂದ್ರೆ ಧರ್ಮಗುರು, ಇಷ್ಮಾಯೇಲ್ ಹೊಲದ ಕೆಲ್ಸಾನೂ ಮಾಡು ಓದೂ ಓದು ಅಂದ್ರೆ, ಶಿಮೋನ್ ಬಾರ್ ಯೊಖಾಯ್ ಉಳೋದು ಬಿತ್ತೋದು ಕೊಯ್ಯೋದು ಅಂತ ಕೂತ್ರೆ ತೋರಾ ಓದೋದು ಯಾವಾಗ ಅಂತ ಕೇಳಿದ್ರು. ಆಮೇಲೆ ಬಂದ ಅಬಾಯೆ ಅನ್ನೋರು ಹೇಳಿದ್ದು, ಇಷ್ಮಾಯೇಲ್ ಥರ ಮಾಡಿದ ಎಷ್ಟೋ ಜನ ದಡ ಸೇರಿದ್ರು, ಶಿಮೋನ್ ಥರ ಮಾಡೋಕೆ ಹೋದ ಎಷ್ಟೋ ಜನಕ್ಕೆ ಅದು ಕೈಗೂಡ್ಲಿಲ್ಲ. ಈ ಶಿಮೋನ್ ರೋಮನ್ನರಿಗೆ ಹೆದರಿ ಮಗನ ಜೊತೆ 12 ವರ್ಷ ಗುಹೇಲಿ ಕೂತು ಓದಿ ಹೊರಗೆ ಬಂದಾಗ ಜನ ಹೊಲ ಉಳ್ತಿರೋದು ಕಂಡು ಸಿಟ್ಟು ಬಂತಂತೆ, ಇಬ್ರೂ ನೋಡಿದ ಕಡೆಯೆಲ್ಲಾ ಬೆಂಕಿ. ಆಗ ಆಕಾಶದಿಂದ ದನಿ: ನನ್ನ ಲೋಕ ಹಾಳು ಮಾಡೋಕೆ ಹೊರಗೆ ಬಂದ್ರಾ, ಹೋಗಿ ವಾಪಸ್ ಗುಹೆಗೆ!

ಈ ಶಿಮೋನ್ ಅವ್ರ ಸಮಾಧಿ ಇರೋದು ಇಸ್ರೇಲಿನ ಉತ್ತರದ ಮೆರೋನಲ್ಲಿ, ವರ್ಷಕ್ಕೊಂದ್ಸಲ ಲಾಗ್ ಬಾಓಮೆರ್ ಅನ್ನೋ ಹಬ್ಬದ ದಿನ ಅಲ್ಲಿ ಪ್ರಾರ್ಥನೆಗೆ ಜನಸಾಗರ. ಸಾಬಾಗೂ ಒಂದ್ಸಲ ಹೋಗ್ಬೇಕಂತೆ. ವೀಲ್‌ಚೇರ್ ಒಳಗೆ ಬಿಡ್ತಾರಾ ಅಂತ ಮೊದ್ಲೇ ಫೋನ್ ಮಾಡಿ ವಿಚಾರಿಸು ಅಂತ ನಂಗೆ ಹೇಳಿಟ್ಟಿದ್ದಾರೆ.