ಥೀಮ್ ಅಪ್‌ಡೇಟ್ ಆಯಿತು, ಇನ್ನೇನು ಬಾಕಿ?

ಪ್ರಶ್ನೆ: ನಮ್ಮ ಸಹಕಾರ ಸಂಘದ ಜಾಲತಾಣ ವರ್ಡ್‌ಪ್ರೆಸ್‌ನಲ್ಲಿದೆ. ಹಣ ಕೊಟ್ಟು ಕೊಂಡಿದ್ದ ಥೀಮ್‌ನಲ್ಲಿ ‘ಲೋಕಲ್ ಫೈಲ್ ಇನ್‌ಕ್ಲೂಷನ್’ ಎಂಬ ದೋಷವಿದೆಯೆಂದೂ, ಡೇಟಾಬೇಸ್ ಪಾಸ್‌ವರ್ಡ್ ಸೋರಿರಬಹುದೆಂದೂ ಹೋಸ್ಟಿಂಗ್ ಸೇವೆಯವರು ಇಮೇಲ್ ಕಳಿಸಿದ್ದಾರೆ. ಥೀಮ್ ಎಂದರೆ ಬಣ್ಣ, ಅಕ್ಷರ, ವಿನ್ಯಾಸ ಅಷ್ಟೇ ಅಲ್ಲವೇ? ಅದರಿಂದ ಪಾಸ್‌ವರ್ಡ್ ಹೇಗೆ ಸೋರುತ್ತದೆ? ಅಪ್‌ಡೇಟ್ ಮಾಡಿದ್ದೇನೆ, ಅಷ್ಟು ಸಾಕೇ?
– ಓದುಗರೊಬ್ಬರು, ಶಿರಸಿ

ಉತ್ತರ: ಸಾಲದು. ಏಕೆ ಸಾಲದು ಎಂಬುದು ನಿಮ್ಮ ಮೊದಲ ಪ್ರಶ್ನೆಯ ಉತ್ತರದಲ್ಲೇ ಅಡಗಿದೆ. ವರ್ಡ್‌ಪ್ರೆಸ್ ಥೀಮ್ ಪಿಎಚ್‌ಪಿ ಭಾಷೆಯಲ್ಲಿ ಬರೆದ ಒಂದು ಪ್ರೋಗ್ರಾಂ. ಯಾರಾದರೂ ಪುಟ ತೆರೆದಾಗಲೆಲ್ಲ ಅದು ನಿಮ್ಮ ಸರ್ವರ್‌ನಲ್ಲಿ ಓಡುತ್ತದೆ, ವರ್ಡ್‌ಪ್ರೆಸ್‌ಗೆ ಓದಲು ಅನುಮತಿಯಿರುವ ಕಡತಗಳನ್ನೆಲ್ಲ ತಾನೂ ಓದಬಲ್ಲುದು. ಅನೇಕ ಥೀಮ್‌ಗಳಲ್ಲಿ ಪುಟದ ವಿನ್ಯಾಸಕ್ಕೊಂದರಂತೆ ಬೇರೆ ಬೇರೆ ಟೆಂಪ್ಲೇಟ್ ಕಡತಗಳಿರುತ್ತವೆ. ಯಾವುದನ್ನು ಸೇರಿಸಿಕೊಳ್ಳಬೇಕೆಂದು ನಿರ್ಧರಿಸಲು ವೆಬ್ ವಿಳಾಸದಲ್ಲಿ ಬಂದ ಹೆಸರನ್ನೇ ಪಿಎಚ್‌ಪಿಯ ‘ಇನ್‌ಕ್ಲೂಡ್’ ಆದೇಶಕ್ಕೆ ನೇರವಾಗಿ ಕೊಟ್ಟುಬಿಡುವುದು ಕೆಲವು ತಯಾರಕರ ಅಭ್ಯಾಸ. ‘ಲೋಕಲ್ ಫೈಲ್ ಇನ್‌ಕ್ಲೂಷನ್’ ಎಂದರೆ ಇದೇ ದೋಷ. ದಾಖಲೆ ಕೊಠಡಿಯ ಸಿಬ್ಬಂದಿ, ಕೇಳಿದವರು ಯಾರೆಂದೂ ನೋಡದೆ ಚೀಟಿಯಲ್ಲಿ ಬರೆದ ಕಡತವನ್ನು ತಂದುಕೊಟ್ಟಂತೆ ಇದು. ಚೀಟಿಯಲ್ಲಿ ‘../’ ಎಂದು ನಾಲ್ಕಾರು ಬಾರಿ ಬರೆದರೆ ಅಷ್ಟೂ ಫೋಲ್ಡರ್‌ಗಳನ್ನು ಮೇಲಕ್ಕೆ ಹತ್ತಿ, ಥೀಮ್‌ನ ಹೊರಗಿರುವ ಯಾವುದೇ ಕಡತದ ಹೆಸರು ಹೇಳಬಹುದು.

ಇಲ್ಲೊಂದು ಸೂಕ್ಷ್ಮವಿದೆ. ಕಡತವನ್ನು ಓದಿ ತೋರಿಸುವುದು ಬೇರೆ, ಸೇರಿಸಿಕೊಂಡು ಓಡಿಸುವುದು ಬೇರೆ. ಡೇಟಾಬೇಸ್‌ನ ಹೆಸರು, ಬಳಕೆದಾರ ಹೆಸರು, ಪಾಸ್‌ವರ್ಡ್ ಮತ್ತು ಲಾಗಿನ್ ಕುಕಿಗಳನ್ನು ಕಾಯುವ ಗುಪ್ತ ಕೀಲಿಗಳು ‘ಡಬ್ಲ್ಯುಪಿ-ಕಾನ್ಫಿಗ್’ ಎಂಬ ಪಿಎಚ್‌ಪಿ ಕಡತದಲ್ಲಿರುತ್ತವೆ. ಅದನ್ನು ‘ಇನ್‌ಕ್ಲೂಡ್’ ಮಾಡಿದರೆ ಅದು ಓಡುತ್ತದೆಯೇ ಹೊರತು ಪರದೆಯ ಮೇಲೆ ಒಂದಕ್ಷರವೂ ಕಾಣುವುದಿಲ್ಲ. ಇದನ್ನೇ ಹಿಡಿದು ‘ಭಯಪಡುವಂಥದ್ದೇನಿಲ್ಲ’ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಕಡತದ ಹಾದಿಯ ಆರಂಭವೂ ಹೊರಗಿನವರ ಹಿಡಿತದಲ್ಲಿದ್ದರೆ, ಪಿಎಚ್‌ಪಿಯಲ್ಲೇ ಇರುವ ಫಿಲ್ಟರ್ ಸೌಲಭ್ಯದಿಂದ ಆ ಕಡತವನ್ನು ಬೇಸ್64 ಎಂಬ, ಓಡದೆ ಬರೀ ಅಕ್ಷರಗಳಾಗಿ ಕಾಣುವ ರೂಪಕ್ಕೆ ತಿರುಗಿಸಿ ಪೂರ್ತಿಯಾಗಿ ತರಿಸಿಕೊಳ್ಳಬಹುದು. ಆರಂಭ ಅವರ ಹಿಡಿತದಲ್ಲಿಲ್ಲದಿದ್ದರೂ, ತಾವು ಮೊದಲೇ ಅಪ್‌ಲೋಡ್ ಮಾಡಿದ ಚಿತ್ರದೊಳಗೋ ಸರ್ವರ್‌ನ ಲಾಗ್‌ (ಭೇಟಿಗಳ ದಾಖಲೆ ಕಡತ) ಒಳಗೋ ಪಿಎಚ್‌ಪಿ ಸಾಲುಗಳನ್ನು ಅಡಗಿಸಿಟ್ಟು, ಆಮೇಲೆ ಅದೇ ಕಡತವನ್ನು ಹೆಸರಿಸಿ ಓಡಿಸಿಕೊಳ್ಳುವ ದಾರಿ ಕೆಲವು ಸರ್ವರ್‌ಗಳಲ್ಲಿ ತೆರೆದಿರುತ್ತದೆ. ಆಗ ಸೋರುವುದು ಪಾಸ್‌ವರ್ಡ್ ಮಾತ್ರವಲ್ಲ, ಇಡೀ ತಾಣದ ಹಿಡಿತ.

2014ರ ‘ಸ್ಲೈಡರ್ ರೆವಲ್ಯೂಷನ್’ ಪ್ರಕರಣವನ್ನು ನೋಡಿ. ಮುಖಪುಟದಲ್ಲಿ ಚಿತ್ರಗಳನ್ನು ಸರಿಸಿ ತೋರಿಸುವ ಈ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ಅಸಂಖ್ಯ ಥೀಮ್‌ಗಳ ಜೊತೆಯಲ್ಲೇ ಕಟ್ಟಿಕೊಂಡು ಬರುತ್ತಿತ್ತು. ಚಿತ್ರದ ಹೆಸರು ಕೇಳುವ ಜಾಗದಲ್ಲಿ ‘ಡಬ್ಲ್ಯುಪಿ-ಕಾನ್ಫಿಗ್’ನ ಹಾದಿ ಬರೆದರೆ, ಲಾಗಿನ್ ಆಗದವರಿಗೂ ಅದು ಆ ಕಡತವನ್ನು ಹಾಗೆಯೇ ಕೊಡುತ್ತಿತ್ತು. ತಯಾರಕರು ಆ ವರ್ಷದ ಫೆಬ್ರುವರಿಯಲ್ಲೇ ಸದ್ದಿಲ್ಲದೆ ತಿದ್ದುಪಡಿ ಮಾಡಿದ್ದರು. ದೋಷ ಎಲ್ಲರಿಗೂ ತಿಳಿದದ್ದು ಸೆಪ್ಟೆಂಬರ್‌ನಲ್ಲಿ. ಪ್ಲಗಿನ್ ಅನ್ನು ಬಿಡಿಯಾಗಿ ಕೊಂಡವರಿಗೆ ಅಪ್‌ಡೇಟ್ ಸಿಗುತ್ತಿತ್ತು. ಥೀಮ್‌ನೊಂದಿಗೆ ಪಡೆದವರು ಮಾತ್ರ ಥೀಮ್ ತಯಾರಕರ ದಾರಿ ಕಾಯಬೇಕಿತ್ತು, ಮತ್ತು ಅವರಲ್ಲಿ ಹಲವರಿಗೆ ತಮ್ಮ ತಾಣದಲ್ಲಿ ಆ ಪ್ಲಗಿನ್ ಇದೆಯೆಂಬುದೇ ಗೊತ್ತಿರಲಿಲ್ಲ. ಡಿಸೆಂಬರ್‌ನಲ್ಲಿ ‘ಸೋಕ್‌ಸೋಕ್’ ಎಂಬ ಕುತಂತ್ರಾಂಶ ಇದೇ ಪ್ಲಗಿನ್‌ನ ದೋಷಗಳನ್ನು ಬಳಸಿ ಹರಡಿದಾಗ ಗೂಗಲ್ 11,000ಕ್ಕೂ ಹೆಚ್ಚು ತಾಣಗಳನ್ನು ಕಪ್ಪುಪಟ್ಟಿಗೆ ಸೇರಿಸಿತು. ಹಾಗಾಗಿ ನಿಮ್ಮ ಥೀಮ್‌ನ ಜೊತೆ ಬಂದ ಪ್ಲಗಿನ್‌ಗಳ ಆವೃತ್ತಿಯನ್ನೂ ಪ್ರತ್ಯೇಕವಾಗಿ ನೋಡಿಕೊಳ್ಳಿ.

ಈಗ ನಿಮ್ಮ ಕೆಲಸ. ಅಪ್‌ಡೇಟ್ ದೋಷವನ್ನು ಮುಚ್ಚುತ್ತದೆ, ಆಗಲೇ ಹೊರಗೆ ಹೋದ ಪಾಸ್‌ವರ್ಡ್ ಅನ್ನು ಹಿಂದಕ್ಕೆ ತರುವುದಿಲ್ಲ. ಡೇಟಾಬೇಸ್ ಪಾಸ್‌ವರ್ಡ್ ಬದಲಿಸಿ, ಹೊಸದನ್ನು ‘ಡಬ್ಲ್ಯುಪಿ-ಕಾನ್ಫಿಗ್’ನಲ್ಲೂ ಬರೆಯಿರಿ, ಅದೇ ಕಡತದ ಗುಪ್ತ ಕೀಲಿಗಳನ್ನೂ ಹೊಸದಾಗಿ ಮಾಡಿದರೆ ಲಾಗಿನ್ ಆಗಿರುವವರೆಲ್ಲರೂ ತಾವಾಗಿ ಹೊರಬೀಳುತ್ತಾರೆ. ಹಳೆಯ ಪಾಸ್‌ವರ್ಡ್ ಅನ್ನೇ ಹೋಸ್ಟಿಂಗ್ ಖಾತೆಗೋ ಸಂಘದ ಇಮೇಲ್‌ಗೋ ಬಳಸಿದ್ದರೆ ಅಲ್ಲೂ ಬದಲಿಸಬೇಕು; ನನ್ನ ಅನುಭವದಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಡ್ಯಾಶ್‌ಬೋರ್ಡ್‌ನಲ್ಲಿ ಗುರುತಿಲ್ಲದ ಅಡ್ಮಿನ್ ಖಾತೆಗಳಿವೆಯೇ, ಅಪ್‌ಲೋಡ್ಸ್ ಫೋಲ್ಡರ್‌ನಲ್ಲಿ ಚಿತ್ರಗಳ ನಡುವೆ ಪಿಎಚ್‌ಪಿ ಕಡತಗಳು ಸೇರಿಕೊಂಡಿವೆಯೇ ಎಂದು ನೋಡಿ. ಹೋಸ್ಟಿಂಗ್‌ನವರಿಂದ ಪ್ರವೇಶ ಲಾಗ್ ಕೇಳಿ ಪಡೆದು, ಅದರಲ್ಲಿ ‘../’ ಗುರುತನ್ನೂ, ಅದರ ಬದಲಿಗೆ ಬರುವ ‘%2’ ಸೇರಿದ ಸಂಕೇತಗಳನ್ನೂ ಹುಡುಕಿಸಿ. ‘ಡಬ್ಲ್ಯುಪಿ-ಕಾನ್ಫಿಗ್’ ಅನ್ನು ಒಂದು ಫೋಲ್ಡರ್ ಮೇಲಕ್ಕೆ ಸರಿಸಿ ಎಂದೋ, ಅದರ ಅನುಮತಿಯನ್ನು ಬಿಗಿ ಮಾಡಿ ಎಂದೋ ಸಲಹೆ ಕೊಡುವವರು ಸಿಗುತ್ತಾರೆ. ಬೇರೆ ಅಪಾಯಗಳಿಗೆ ಅದು ಉಪಯೋಗಕ್ಕೆ ಬಂದೀತು, ಆದರೆ ವರ್ಡ್‌ಪ್ರೆಸ್‌ಗೆ ಓದಲು ಬರುವ ಕಡತ ಥೀಮ್‌ಗೂ ಓದಲು ಬರುವುದರಿಂದ ಈ ದೋಷಕ್ಕೆ ಅದು ಮದ್ದಲ್ಲ. ಯಾರೋ ಒಳಹೊಕ್ಕ ಗುರುತು ಸಿಕ್ಕರೆ ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಿ. ಇಂಥ ಘಟನೆಗಳನ್ನು ಸಂಸ್ಥೆಗಳು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ಅದರ ಏಪ್ರಿಲ್ 2022ರ ನಿರ್ದೇಶನ ಹೇಳುತ್ತದೆ.

ಪ್ರಶ್ನೆ: ನಾನು ಥೀಮ್ ತಯಾರಿಸುವುದನ್ನು ಕಲಿಯುತ್ತಿರುವ ವಿದ್ಯಾರ್ಥಿ. ಬಳಕೆದಾರರು ಕೊಟ್ಟ ಹೆಸರಿನಿಂದ ‘../’ ಅನ್ನು ತೆಗೆದುಹಾಕಿದರೆ ಈ ಸಮಸ್ಯೆ ಬಗೆಹರಿಯುವುದಿಲ್ಲವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ‘....//’ ಎಂದು ಬರೆದು ಪ್ರಯತ್ನಿಸಿ ನೋಡಿ. ನಡುವಿನ ‘../’ ಒಮ್ಮೆ ತೆಗೆದರೆ ಉಳಿದ ಗುರುತುಗಳು ಕೂಡಿಕೊಂಡು ಮತ್ತೆ ‘../’ ಆಗುತ್ತವೆ. ಕೆಟ್ಟದ್ದನ್ನು ಹುಡುಕಿ ತೆಗೆಯುವ ಉಪಾಯಗಳಿಗೆಲ್ಲ ಇಂಥದೊಂದು ಸಂದು ಸಿಗುತ್ತಲೇ ಇರುತ್ತದೆ. ನಿಮ್ಮ ಟೆಂಪ್ಲೇಟ್‌ಗಳು ಐದಿದ್ದರೆ ಐದೇ ಹೆಸರುಗಳ ಪಟ್ಟಿಯನ್ನು ಕೋಡ್‌ನಲ್ಲೇ ಬರೆದಿಡಿ. ಬಂದ ಹೆಸರು ಪಟ್ಟಿಯಲ್ಲಿದ್ದರೆ ಅದಕ್ಕೆ ಹೊಂದುವ ಕಡತ, ಇಲ್ಲದಿದ್ದರೆ ಡಿಫಾಲ್ಟ್ ಕಡತ. ಹೊರಗಿನಿಂದ ಬಂದ ಅಕ್ಷರಗಳು ಕಡತದ ಹಾದಿಯೊಳಗೆ ಎಂದೂ ಸೇರಬಾರದು. ಬೇರೆ ಸರ್ವರ್‌ನಲ್ಲಿರುವ ಕಡತವನ್ನೇ ‘ಇನ್‌ಕ್ಲೂಡ್’ ಮಾಡಿಸುವ ದಾಳಿಯನ್ನು ಪಿಎಚ್‌ಪಿ 5.2ರಿಂದೀಚೆಗೆ ಅದರ ಡಿಫಾಲ್ಟ್ ಸೆಟ್ಟಿಂಗ್ ತಡೆಯುತ್ತದೆ. ಸ್ಥಳೀಯ ಕಡತಗಳಿಗೆ ಅಂಥ ತಡೆಯಿಲ್ಲ. ಅದನ್ನು ನೀವೇ ಬರೆಯಬೇಕು.

ಪ್ರಶ್ನೆ: ಬಳಸದೆ ನಿಷ್ಕ್ರಿಯಗೊಳಿಸಿಟ್ಟ ಹಳೆಯ ಥೀಮ್‌ಗಳಿಂದಲೂ ಅಪಾಯವಿದೆಯೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಇದೆ. ನಿಷ್ಕ್ರಿಯವಾದರೂ ಕಡತಗಳು ಸರ್ವರ್‌ನಲ್ಲೇ ಇರುತ್ತವೆ, ಅವುಗಳಲ್ಲಿ ಕೆಲವನ್ನು ವೆಬ್ ವಿಳಾಸದಿಂದ ನೇರವಾಗಿ ಓಡಿಸಬಹುದು. ಅಳಿಸಿಬಿಡಿ. ಆದರೆ ಈಗ ನೀವು ಚೈಲ್ಡ್ ಥೀಮ್ (ಇನ್ನೊಂದು ಥೀಮ್ ಅನ್ನು ಆಧರಿಸಿ ನಿಂತ ಥೀಮ್) ಬಳಸುತ್ತಿದ್ದರೆ ಅದರ ಮೂಲ ಥೀಮ್ ಕೂಡ ಪಟ್ಟಿಯಲ್ಲಿ ನಿಷ್ಕ್ರಿಯವೆಂದೇ ಕಾಣುತ್ತದೆ. ಅದನ್ನು ಅಳಿಸಿದರೆ ತಾಣದ ವಿನ್ಯಾಸ ಕುಸಿಯುತ್ತದೆ. ಅದನ್ನು ಉಳಿಸಿಕೊಂಡು ತಪ್ಪದೆ ಅಪ್‌ಡೇಟ್ ಮಾಡುತ್ತಿರಿ.